ಪಾರೀಸನ ಪಾವಾಪುರಿ

“ಈ ಸಲ ದಶಲಕ್ಷಣ ಪರ್ವಕ್ಕ ನಿಮ್ಮವ್ವಗ ನಮ್ಮ ಮನ್ಯಾಗ ಪಾವಾಪುರಿ ತೋರಸಲಿಲ್ಲ ಅಂದ್ರ ನನ್ನ ಹೆಸರ ಪಾರೀಸನ ಅಲ್ಲ!”

ಹೀಗೆಂದು ಘೋಷಿಸುವಾಗ ಪಾರೀಸನ ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಕ್ಯಾಲೆಂಡರು ಇತ್ತು. ಹೆಂಡತಿ ರತ್ನಮಾಲಾ ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ನೀವು ಹೆಸರ ಬದಲಿ ಮಾಡೂದು ಇದು ಎಷ್ಟನೇ ಸಲರೀ?” ಎಂದಳು.

ಪ್ರಶ್ನೆ ನ್ಯಾಯವಾದದ್ದೇ. ಬೆಳಗಾವಿಯ ರವಿವಾರ ಪೇಟೆಯಲ್ಲಿ ಸಗಟು ಕಿರಾಣಿ ಅಂಗಡಿ ನಡೆಸುತ್ತಿದ್ದ ಪಾರೀಸನಿಗೆ ಶಪಥ ಮಾಡುವುದೆಂದರೆ ಸೀನು ಬಂದಷ್ಟು ಸಲೀಸು. ಇನ್ನು ಮುಂದೆ ಬೆಳಿಗ್ಗೆ ಓಡುತ್ತೇನೆ ಎಂದಿದ್ದ, ಓಡಲಿಲ್ಲ. ಹಾರ್ಮೋನಿಯಂ ಪೇಟಿ ಕಲಿಯುತ್ತೇನೆ ಎಂದಿದ್ದ, ಪೇಟಿ ಬಂತು, ಸಂಗೀತ ಬರಲಿಲ್ಲ. ಈಗ ಎಂಬತ್ತರ ದಶಕ ಕಾಲಿಟ್ಟಿತ್ತು, ಬೀದಿಯಲ್ಲಿ ಯಾರ ಮನೆಗೂ ಇನ್ನೂ ಟಿ.ವಿ. ಬಂದಿರಲಿಲ್ಲ. ಬಂದವರು ಬಾಯಿ ತೆರೆದು ನೋಡುವಂಥದ್ದು ನಡುಮನೆಯಲ್ಲಿ ಏನಾದರೊಂದು ಇರಬೇಕೆಂದು ಅವನು ಕ್ಯಾಂಪಿನ ಅಂಗಡಿಯಿಂದ ಒಂದು ಗಾಜಿನ ಮೀನುಪೆಟ್ಟಿಗೆ ಹೊತ್ತು ತಂದಿದ್ದ!

ಜೈನರ ಮನೆ. ಕುಡಿಯುವ ನೀರನ್ನೂ ಬಟ್ಟೆಯಲ್ಲಿ ಸೋಸಿ, ಬಟ್ಟೆಗಂಟಿದ ಕಣ್ಣಿಗೆ ಕಾಣದ ಜೀವಿಗಳನ್ನು ಮರಳಿ ಬಾವಿಗೆ ಬಿಡುವ ಮನೆ. ಅಲ್ಲಿಗೆ ಮೀನು ಬಂದರೆ ಗದ್ದಲವಾಗದೇ ಇರುತ್ತದೆಯೇ?

“ಜೀವಾನ ಕೂಡಿ ಹಾಕೂದ ಪಾಪ ಅಂತಾಳ ನಮ್ಮವ್ವ,” ಎಂದಳು ರತ್ನಮಾಲಾ.

“ಕೂಡಿ ಹಾಕಿಲ್ಲ, ಕಾಪಾಡೇನಿ! ನಾ ತರದಿದ್ರ ಯಾರರ ಹುರದ ತಿಂತಿದ್ರು.”

“ಬಟ್ಟಿನಷ್ಟ ಉದ್ದದ ಬಣ್ಣದ ಮೀನಾನ ಯಾರ ಹುರದ ತಿಂತಾರ್ರೀ?”

“ಕಲಿಯುಗ, ರತ್ನಾ, ಕಲಿಯುಗ!” ಎಂದು ಪಾರೀಸ ವಾದ ಮುಗಿಸಿದ್ದ. ಪೆಟ್ಟಿಗೆಗೂ ಸೋಸಿದ ನೀರೇ ಬಿತ್ತು. ಮೀನುಗಳಿಗೆ ಅಂಗಡಿಯ ಪುಠಾಣಿ ಹಿಟ್ಟು ನಿಗದಿಯಾಯಿತು. ಶುದ್ಧ ಶಾಕಾಹಾರಿ ಮೀನುಗಳು!

ಪೆಟ್ಟಿಗೆಯನ್ನು ಇಟ್ಟ ಜಾಗ ಮಾತ್ರ ಬಹಳ ವಿಚಾರ ಮಾಡಿ ಆರಿಸಿದ್ದು. ನಡುಮನೆಗೂ ಅಡಿಗೆಮನೆಗೂ ನಡುವಿನ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಅಗಲವಾದ ಕಿಂಡಿಯಿತ್ತು. ಬಂದವರಿಗೆ ಚಹಾ, ಅವಲಕ್ಕಿ ದಾಟಿಸುವ ಕಿಂಡಿ ಅದು. ಪೆಟ್ಟಿಗೆ ಅದರಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತುಬಿಟ್ಟಿತು.

“ಇನ್ನ ಚಾದ ಬಸಿ ಎಲ್ಲಿಂದ ದಾಟಸಲಿ? ಮೀನದ ಹೊಟ್ಟ್ಯಾಗ ಹಾದು?” ಎಂದು ರತ್ನಮಾಲಾ ಕೇಳಿದಳು. ಇಂಥ ಕ್ಷುಲ್ಲಕ ಪ್ರಶ್ನೆಗಳ ಗೊಡವೆ ಬಿಟ್ಟು ಪಾರೀಸ ಪೆಟ್ಟಿಗೆಯ ಗಾಜು ಒರೆಸತೊಡಗಿದ.

ಆದರೆ ನಡುಮನೆಯಲ್ಲಿ ಕೂತು ನೋಡಿದರೆ, ಮೀನುಗಳ ಹಿಂದೆ ಅಡಿಗೆಮನೆ ಇದ್ದದ್ದು ಇದ್ದ ಹಾಗೆ ಕಾಣುತ್ತಿತ್ತು. ಅದೂ ನೀರಿನಲ್ಲಿ ಹಿಗ್ಗಿ! ಪಕ್ಕದ ಮನೆಯ ಸಂಗವ್ವ ಮೊದಲ ದಿನವೇ ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿ, “ರತ್ನವ್ವಾ, ನಿಮ್ಮ ಮೀನ ಮುಸರಿ ಬುಟ್ಟ್ಯಾಗ ಈಸಿದಂಗ ಕಾಣತಾವಲ್ಲ!” ಎಂದಳು. ಸಂಗವ್ವನ ಬಾಯಿಗೆ ಬಿದ್ದ ಸಂಗತಿ ಸಂಜೆಯೊಳಗೆ ಓಣಿ ದಾಟುತ್ತದೆ. ಹಿಂದುಗಡೆ ಒಂದು ಚಿತ್ರ ಹಚ್ಚಲೇಬೇಕು ಎಂದು ಪಾರೀಸ ಅಂದೇ ತೀರ್ಮಾನಿಸಿದ.

ಮೊದಲು ಹಿಮದ ಗುಡ್ಡದ ಚಿತ್ರ ಬಂತು. “ಮೀನಕ್ಕ ಥಂಡಿ ಹತ್ತತೈತಿ,” ಎಂದು ರತ್ನಮಾಲಾ ಅದನ್ನು ತಳ್ಳಿಹಾಕಿದಳು. ಆಮೇಲೆ ಮೀನಿನಂಗಡಿಯವನು ಕೊಟ್ಟ ಸಮುದ್ರದಾಳದ ಚಿತ್ರ. ಅದರಲ್ಲಿ ಬಾಯ್ದೆರೆದ ಭಾರೀ ಮೀನೊಂದಿತ್ತು. ನಮ್ಮ ಮೀನುಗಳು ಹೆದರಿ ಮೂಲೆ ಸೇರಿವೆ ಎಂದು ಪಾರೀಸನೇ ಅದನ್ನು ಕಿತ್ತು ತೆಗೆದ. ಮೂರನೆಯದೇ ಸರಾಫರ ಅಂಗಡಿಯ ದೊಡ್ಡ ಕ್ಯಾಲೆಂಡರಿನ ಪಾವಾಪುರಿ! ಮಹಾವೀರರು ಮೋಕ್ಷ ಪಡೆದ ಕ್ಷೇತ್ರ. ಕಮಲ ತುಂಬಿದ ಕೆರೆ, ಕೆರೆಯ ನಡುವೆ ಬೆಳ್ಳನೆಯ ಜಲಮಂದಿರ. ಕೆರೆ ಇದ್ದಲ್ಲಿ ಮೀನಿರಬೇಕು, ಮೀನಿದ್ದಲ್ಲಿ ಕೆರೆ ಇರಬೇಕು. ಇದಕ್ಕಿಂತ ತಕ್ಕ ಹಿನ್ನೆಲೆ ಮೂರು ಲೋಕದಲ್ಲಿ ಎಲ್ಲಿ ಸಿಕ್ಕೀತು?

ಅದರ ಹಿಂದೆ ಇನ್ನೊಂದು ಲೆಕ್ಕಾಚಾರವೂ ಇತ್ತು. ಖಾನಾಪುರದ ಅತ್ತೆ ಅಕ್ಕಾತಾಯಿಯವರಿಗೆ ಈ ಅಳಿಯ ಮೊದಲಿನಿಂದಲೂ ಪಸಂದಿಲ್ಲ. “ಬೆಳಗಾವಿ ಹುಡುಗ ಬ್ಯಾಡ. ಪ್ಯಾಟಿ ಮಂದಿ ಹೊತ್ತ ಮುಣಗಿದ ಮ್ಯಾಲ ಹೊಟೇಲಕ ಹೋಗತಾರ,” ಎಂದು, ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣಬಾರದೆಂಬ ನೇಮ ಬಿಡದ ಅವರು ಹಟ ಹಿಡಿದಿದ್ದರು. ರತ್ನಮಾಲಾ ಅದಕ್ಕಿಂತ ದೊಡ್ಡ ಹಟ ಹಿಡಿದು ಪಾರೀಸನನ್ನು ಮದುವೆಯಾದಳು. ಈ ವರ್ಷ ಪಂಚಮಿಗೆ ತವರಿಗೆ ಹೋದಾಗ ಅವಳು ತಾಯಿಯ ಮುಂದೆ ತಲೆಯೆತ್ತಿ ಹೇಳಿ ಬಂದಿದ್ದಳು: “ಇವರು ಬದಲಾಗ್ಯಾರವ್ವಾ. ಈ ಸಲ ಪರ್ವದ ಕಡೀ ದಿನ ಚತುರ್ದಶಿಗೆ ನನ್ನ ಕೂಡ ಉಪವಾಸ ಹಿಡಿತಾರ. ನೀನ ಬಂದ ನೋಡು.” ಹಾಗೆ ಹೇಳು ಎಂದು ಎದೆ ತಟ್ಟಿಕೊಂಡು ಕಳಿಸಿದವನೂ ಪಾರೀಸನೇ. ಅಕ್ಕಾತಾಯಿ ಬರುತ್ತೇನೆಂದರು. ಹೆಂಡತಿಯ ಮಾತು ಈಗ ಗಂಡನ ಹೊಟ್ಟೆಯ ಮೇಲೆ ನಿಂತಿತ್ತು.

ಚಿತ್ರ ಆರಿಸಿದ್ದಾಯಿತು, ಇನ್ನು ಅಂಟಿಸಬೇಕು. ಬಡಗಿಯ ಅಂಟು ಸರೇಸು ಮೂಳೆಯಿಂದ ಮಾಡಿದ್ದು, ಅದು ಮನೆಯೊಳಗೆ ಬರುವಂತಿಲ್ಲ. ಪಾರೀಸ ಮೈದಾ ಹಿಟ್ಟಿನ ಅಂಟು ಕುದಿಸಿದ. ಚೆನ್ನಾಗಿ ಹಿಡಿಯಲೆಂದು ತನ್ನ ತಲೆ ಓಡಿಸಿ ಒಂದು ತುಂಡು ಬೆಲ್ಲವನ್ನೂ ಹಾಕಿದ! ಮರುದಿನ ನೋಡಿದರೆ ಪಾವಾಪುರಿಗೆ ಇರುವೆಗಳ ಯಾತ್ರೆ ಹೊರಟಿದೆ. ಒರೆಸುವಂತಿಲ್ಲ, ತೊಳೆಯುವಂತಿಲ್ಲ, ಒಂದು ಇರುವೆಯೂ ಸಾಯಕೂಡದು. ಅವುಗಳನ್ನು ಉಪಾಯದಿಂದ ಹೊರಗೆ ಕರೆದೊಯ್ಯಲು ಪಾರೀಸ ಕಿಂಡಿಯಿಂದ ಅಂಗಳದವರೆಗೆ ಸಕ್ಕರೆಯ ಗೆರೆ ಎಳೆದ. ಅಂಗಳದ ಇರುವೆಗಳು ಅದೇ ಗೆರೆ ಹಿಡಿದು ಒಳಗೆ ಬಂದವು.

“ನೀವು ಕರದೀರಿ, ಅವು ಬಂದಾವ. ಇನ್ನ ಊಟಕ್ಕೂ ಹಾಕ್ರಿ,” ಎಂದಳು ರತ್ನಮಾಲಾ.

ಕಡೆಗೆ ಚಿತ್ರ ಬಿಚ್ಚಿ, ಇರುವೆಗಳನ್ನು ಮೆತ್ತನೆಯ ಬಟ್ಟೆಯಿಂದ ಸರಿಸಿ ಸರಿಸಿ ಕೆಳಗಿಳಿಸುವಷ್ಟರಲ್ಲಿ ಪಾರೀಸನ ಸೊಂಟ ಬಿದ್ದುಹೋಯಿತು. ಆಗ ಮೀನಿನಂಗಡಿಯವನು ಒಂದು ಯುಕ್ತಿ ಹೇಳಿದ. “ಅಂಟು ಯಾಕ ಬೇಕ್ರೀ? ಕಾಜಿಗೆ ಹೊರಗಿಂದ ಬಟ್ಟಿಲೆ ಒಂದೀಟ ಎಣ್ಣಿ ಸವರಿ ಪಟಾ ಒತ್ತರಿ. ಗಪ್ಪನ ಹಿಡಕೊಂತೈತಿ.”

ಬೆರಳಿನಿಂದ ಒಂದಿಷ್ಟು! ಸಗಟು ವ್ಯಾಪಾರಿಗೆ ಒಂದಿಷ್ಟು ಎಂದರೆ ಏನು ತಿಳಿಯಬೇಕು? “ನಮ್ಮದ ಅಂಗಡಿ, ನಮ್ಮದ ಎಣ್ಣಿ, ಕಂಜೂಷತನ ಯಾಕ?” ಎಂದು ಪಾರೀಸ ಡಬ್ಬಿಯಿಂದ ಕುಸುಬೆ ಎಣ್ಣೆಯನ್ನು ಸೌಟುಗಟ್ಟಲೆ ತೆಗೆದು ಗಾಜಿಗೂ ಬಳಿದ, ಕಾಗದದ ಬೆನ್ನಿಗೂ ಬಳಿದ. ಪರಿಣಾಮ ಅದ್ಭುತ! ಕಮಲಗಳು ಈಗಷ್ಟೇ ಅರಳಿದಂತಾದವು. ಮಂದಿರ ಮಿಂಚಿತು. ಪೆಟ್ಟಿಗೆಯ ಮೇಲಿನ ಬಲ್ಬು ಹಾಕಿದರೆ ಮೀನುಗಳು ಮಂದಿರಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದವು. ಎಣ್ಣೆ ಕಾಗದಕ್ಕೆ ಏನು ಮಾಡುತ್ತದೆಂದು ದಿನವಿಡೀ ಭಜಿ ಕಟ್ಟಿದ ಪೇಪರು ನೋಡುವ ಪೇಟೆಯ ಮನುಷ್ಯನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಚತುರ್ದಶಿಯ ಹಿಂದಿನ ದಿನ ಅಕ್ಕಾತಾಯಿಯವರೂ ಮಾವ ಬಾಪುಸಾಹೇಬರೂ ಖಾನಾಪುರದಿಂದ ರೈಲಿನಲ್ಲಿ ಬಂದಿಳಿದರು. ಅತ್ತೆ ಮೀನು ನೋಡಿ ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಮೀನಿನ ಹಿಂದಿನದನ್ನು ನೋಡಿದರು. ನೋಡುತ್ತಾ ನಿಂತೇಬಿಟ್ಟರು.

“ಪಾವಾಪುರಿಗೆ ಹೋಗಬೇಕಂತ ಎಷ್ಟ ವರ್ಷದ ಆಸೆ,” ಎಂದರು ಮೆಲ್ಲಗೆ. “ಇವರು ಪ್ರತಿ ವರ್ಷ ಮುಂದಿನ ವರ್ಷ ಅಂತಾರ.”

ಬಾಪುಸಾಹೇಬರು ಮಾತು ತಪ್ಪಿಸಲು ಗಟ್ಟಿಯಾಗಿ ಮೀನು ಎಣಿಸತೊಡಗಿದರು, ಒಟ್ಟು ಎಂಟು. ಅಕ್ಕಾತಾಯಿ ಪೆಟ್ಟಿಗೆಗೆ ಕೈಮುಗಿದರು. “ಅಳಿಯಂದ್ರ, ಚಲೋ ಮಾಡೀರಿ,” ಎಂದರು. ಮದುವೆಯಾದ ಮೇಲೆ ಅತ್ತೆ ಆಡಿದ ಮೊದಲ ಸವಿಮಾತು! ರತ್ನಮಾಲಾ ತಾಯಿಯ ಬೆನ್ನ ಹಿಂದೆ ನಿಂತು ಗಂಡನನ್ನು ನೋಡಿ ನಕ್ಕಳು. ಆ ನಗೆ ಕಂಡು ಪಾರೀಸ ನೆಲದಿಂದ ಒಂದು ಗೇಣು ಮೇಲೆ ನಡೆಯತೊಡಗಿದ. ಉಪವಾಸವೇನು, ಬೇಕಾದರೆ ಒಂದು ತಿಂಗಳು ಮಾಡಿಯೇನು ಎನ್ನಿಸಿತು ಅವನಿಗೆ.

ಈ ಹುಮ್ಮಸ್ಸು ಚತುರ್ದಶಿಯ ಮಧ್ಯಾಹ್ನದವರೆಗೆ ಚೆನ್ನಾಗಿಯೇ ಬಾಳಿತು. ಬೆಳಿಗ್ಗೆ ಬಸದಿಗೆ ಹೋಗಿ ಬಂದು, ಉಪವಾಸ ಹಿಡಿದ ಮುಖ ಹೇಗಿರಬೇಕೋ ಹಾಗೆ ಇಟ್ಟುಕೊಂಡು, “ಯಾಕೋ ಅಂಗಡಿ ಚಿಂತಿ ಆತು,” ಎಂದು ಮಧ್ಯಾಹ್ನದ ಮೇಲೆ ಪೇಟೆಗೆ ಹೋದ. ಜಿಟಿಜಿಟಿ ಮಳೆ. ಮಳೆಯಲ್ಲಿ ಭಜಿಯ ಗಾಡಿ. ಗಾಡಿಯಿಂದ ಬಿಸಿಬಿಸಿ ಉಳ್ಳಾಗಡ್ಡಿಯ ಕಾಂದಾ ಭಜಿಯ ವಾಸನೆ ನೇರವಾಗಿ, ಬೇರೆ ಯಾರ ಅಂಗಡಿಗೂ ಹೋಗದೆ, ಪಾರೀಸನ ಅಂಗಡಿಗೇ ಬಂತು! ಅವನು ಒಂದು ಪೊಟ್ಟಣ ಕಟ್ಟಿಸಿಕೊಂಡ. ತಿನ್ನಲಿಕ್ಕಲ್ಲ, ಛೇ! ಯಾರಾದರೂ ಬಡವರು ಸಿಕ್ಕರೆ ಕೊಡೋಣವೆಂದು. ದಾರಿಯುದ್ದಕ್ಕೂ ಒಬ್ಬ ಬಡವನೂ ಸಿಗಲಿಲ್ಲ. ಬೆಳಗಾವಿ ಆ ದಿನ ಅಷ್ಟೊಂದು ಶ್ರೀಮಂತವಾಗಿತ್ತು. ಪೊಟ್ಟಣ ಕೋಟಿನ ಕಿಸೆಯಲ್ಲಿ ಮನೆ ಸೇರಿ, ಯಾರ ಕಣ್ಣಿಗೂ ಬೀಳದೆ ಅಡಿಗೆಮನೆಯ ರವೆಯ ಡಬ್ಬಿಯಲ್ಲಿ ಕೂತಿತು.

ಹೊತ್ತು ಮುಳುಗಿತು. ನಡುಮನೆ ತುಂಬ ಹೆಂಗಸರು, ಬಸದಿಯ ಪರಿಚಯದವರು. ಉಪವಾಸ ಹಿಡಿದ ದಂಪತಿಗಳನ್ನು ನೋಡಿ, ನಾಲ್ಕು ಒಳ್ಳೆಯ ಮಾತಾಡಿ ಹೋಗಲು ಬಂದವರು. ಮೀನು ನೋಡಲು ಸಂಗವ್ವನೂ ಬಂದಿದ್ದಳು. ರತ್ನಮಾಲಾಳ ತುಟಿ ಒಣಗಿತ್ತು, ಮುಖ ಮಾತ್ರ ಬೆಳಗುತ್ತಿತ್ತು. “ಇವರು ಒಂದ ಹನಿ ನೀರ ಸುದ್ದಾ ಮುಟ್ಟಿಲ್ಲ,” ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಅದು ಆ ಕ್ಷಣಕ್ಕೆ ಖರೆಯೇ ಆಗಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು.

“ನೀವೆಲ್ಲಾ ಕುಂದರ್ರಿ, ನಾ ಕಂದೀಲ ತರತೀನಿ!” ಎಂದು ಪಾರೀಸ ಎದ್ದ. ಅಂಥ ಚುರುಕನ್ನು ಅವನಲ್ಲಿ ಯಾರೂ ಕಂಡಿರಲಿಲ್ಲ. ಅಡಿಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಕಂದೀಲು ಹಚ್ಚಿ, ಕಿಂಡಿಯ ಎದುರುಗೋಡೆಯ ಮೊಳೆಗೆ ತೂಗುಹಾಕಿದ. ರವೆಯ ಡಬ್ಬಿ ಕಿಂಡಿಯ ಕೆಳಗಿನ ಕಟ್ಟೆಯ ಮೇಲಿತ್ತು. ಒಂದೇ ಒಂದು ಭಜಿ, ಆಮೇಲೆ ಕಂದೀಲು ತೆಗೆದುಕೊಂಡು ಹೊರಟೆ, ಎಂದುಕೊಂಡು ಅವನು ಬಾಗಿಲ ಕಡೆ ಕಿವಿಕೊಟ್ಟು, ಓರೆಯಾಗಿ ನಿಂತು, ಬಾಯಿ ತೆರೆದ.

ಹೊರಗಿಂದ ಸಂಗವ್ವನ ದನಿ ಕೇಳಿತು. “ಯವ್ವಾ! ಕರೆಂಟ ಇಲ್ಲ, ಪಾವಾಪುರಿಯಾಗ ಬೆಳಕ ಬಂತ ನೋಡ್ರಿ!”

ಪಾರೀಸನ ಎದೆ ಉಬ್ಬಿತು. ಕತ್ತಲಲ್ಲೂ ಹೊಳೆಯುವ ಚಿತ್ರ! ತನ್ನ ಆಯ್ಕೆಯೆಂದರೆ ಏನು! ಆ ಸಂತೋಷಕ್ಕೆ ಇನ್ನೊಂದು ಭಜಿ ಎತ್ತಿಕೊಂಡ.

ಅವನು ಅಗಿಯುತ್ತಿರಲಿ, ನಾವು ನಡುಮನೆಗೆ ಹೋಗೋಣ. ಕುಸುಬೆ ಎಣ್ಣೆ ಕುಡಿದೂ ಕುಡಿದೂ ಆ ಕಾಗದ ಅಷ್ಟರಲ್ಲಿ ತೊಗಲುಗೊಂಬೆಯಾಟದ ಪರದೆಯಾಗಿಹೋಗಿತ್ತು. ಹಗಲು ಬೆಳಕಿನಲ್ಲಿ, ಪೆಟ್ಟಿಗೆಯ ಬಲ್ಬಿನಲ್ಲಿ ಅದು ಯಾರಿಗೂ ತಿಳಿದಿರಲಿಲ್ಲ. ಈಗ ಮುಂದೆ ಕತ್ತಲು, ಹಿಂದೆ ಕಂದೀಲು! ಜಲಮಂದಿರ ಹೊಂಬಣ್ಣಕ್ಕೆ ತಿರುಗಿತು. ಅಕ್ಕಾತಾಯಿ ಕೈಮುಗಿದರು. ಆಗ ಮಂದಿರದ ನಟ್ಟನಡುವೆ ಒಂದು ದೊಡ್ಡ ಆಕೃತಿ ಮೂಡಿತು.

“ಯಾರೋ ಮಹಾಪುರುಷರು!” ಎಂದು ಸಂಗವ್ವ ಪಿಸುಗುಟ್ಟಿದಳು.

ಮಹಾಪುರುಷರಿಗೆ ಮೀಸೆಯಿತ್ತು. ಮೀಸೆಯ ಕೆಳಗೆ ಬಾಯಿ ತೆರೆಯಿತು. ಕೈ ಮೇಲೆ ಬಂತು. ಅದೇ ಹೊತ್ತಿಗೆ ನೀರಿನಲ್ಲಿ ಒಂದು ಮೀನು ಈಸುತ್ತಾ ಬಂದು, ನೇರ ಆ ಬಾಯೊಳಗೆ ಹೋಗಿ, ನೆರಳಿನ ಕಪ್ಪಿನಲ್ಲಿ ಕಾಣದಾಯಿತು. ಬಾಯಿ ಮುಚ್ಚಿತು. ಗಲ್ಲ ಆಡಿತು. ಗಂಟಲ ಗಂಟು ಇಳಿಯಿತು. ಮತ್ತೆ ಬಾಯಿ ತೆರೆಯಿತು, ಎರಡನೆಯ ಮೀನು ಬಂತು, ಅದೂ ಹೋಯಿತು!

“ಅಯ್ಯಯ್ಯಯ್ಯ! ಅಳಿಯಂದ್ರು ಮೀನ ತಿನ್ನಾಕತ್ತಾರ!” ಎಂದು ಅಕ್ಕಾತಾಯಿ ಚೀರಿದರು.

“ಹಸಿಹಸೀನ ತಿನ್ನಾಕತ್ತಾನಲ್ಲ!” ಎಂದರು ಬಾಪುಸಾಹೇಬರು ಎದ್ದು ನಿಂತು.

“ಶಿವಶಿವಾ! ಪಾವಾಪುರಿಯಾಗ ನಿಂತ!” ಎಂದಳು ಸಂಗವ್ವ.

ಚೀರಾಟ ಕೇಳಿ ಪಾರೀಸ ಡಬ್ಬಿ ಮುಚ್ಚಿದ. ಯಾರಿಗೋ ಏನೋ ಆಯಿತೆಂದು ಕಂದೀಲು ಕಿತ್ತುಕೊಂಡು ಓಡಿಬಂದ. ನಡುಮನೆಯ ಮಂದಿಯೆಲ್ಲ ಅವನನ್ನು ಕಂಡು ಗೋಡೆಗೆ ಸರಿದರು.

“ಏನಾತ್ರೀ? ಏನಾತು?”

“ಏನಾತು ಅಂತ ನಮ್ಮನ್ನ ಕೇಳತೀರಿ?” ಅಕ್ಕಾತಾಯಿ ಪೆಟ್ಟಿಗೆಯತ್ತ ಕೈ ಚಾಚಿದರು. “ಚತುರ್ದಶಿ ದಿನ! ಜೈನರ ಹೊಟ್ಟ್ಯಾಗ ಹುಟ್ಟಿ ಮೀನ ನುಂಗಿದ್ರಲ್ಲಾ!”

“ಮೀನಾ? ನಾನಾ?”

“ಕಣ್ಣಾರೆ ನೋಡೇವಿ ಎಲ್ಲಾರೂ! ಎರಡ ನುಂಗಿದ್ರಿ!”

“ಅತ್ಯಾರ, ನಿಮ್ಮಾಣಿ, ದೇವರಾಣಿ, ಮೀನ ತಿಂದಿಲ್ಲ! ಬೇಕಾರ ಎಣಸ್ರಿ, ಎಲ್ಲಾ ಅಲ್ಲೇ ಅದಾವ!” ಪಾರೀಸ ಕಂದೀಲನ್ನು ಪೆಟ್ಟಿಗೆಗೆ ಹಿಡಿದ. ಮೀನುಗಳೆಲ್ಲ ಸಾಕ್ಷಿ ಹೇಳಲು ಬಂದವರಂತೆ ಸಾಲಾಗಿ ಗಾಜಿಗೆ ಬಂದು ನಿಂತವು.

ಅಕ್ಕಾತಾಯಿ ಎಣಿಸಿದರು, ಎಂಟೂ ಇದ್ದವು. ಉಸಿರು ಬಿಟ್ಟರು. ಆಮೇಲೆ ಅಳಿಯನ ಕಡೆ ತಿರುಗಿದರು.

“ಹಂಗಾರ ಬಾಯಾಗ ಹಾಕ್ಕೊಂಡಿದ್ದ ಏನು?”

ಬುದ್ಧಿವಂತನಾಗಿದ್ದರೆ ಅಲ್ಲಿ ಸುಮ್ಮನಿರುತ್ತಿದ್ದ. ಆದರೆ ಮೀನು ತಿಂದ ಕಳಂಕ ಹೊತ್ತ ಜೈನನಿಗೆ ಬುದ್ಧಿ ಎಲ್ಲಿಂದ ಬರಬೇಕು? ತನ್ನ ನಿರಪರಾಧಿತ್ವವನ್ನು ಜಗತ್ತಿಗೇ ಸಾರುವ ಉತ್ಸಾಹದಲ್ಲಿ, ಕೈಯಲ್ಲಿ ಉಳಿದಿದ್ದ ಅರ್ಧವನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಗಟ್ಟಿಯಾಗಿ ಕೂಗಿದ:

“ಕಾಂದಾ ಭಜಿರೀ! ಬರೇ ಕಾಂದಾ ಭಜಿ!”

ಆಗ ಸರಿಯಾಗಿ ಕರೆಂಟು ಬಂತು.

ಒಂದು ಪಾಪದಿಂದ ಪಾರಾಗಲು ಹೋಗಿ ಮೂರು ಪಾಪ ಒಪ್ಪಿಕೊಂಡಿದ್ದ: ಉಪವಾಸ ಮುರಿದದ್ದು, ಹೊತ್ತು ಮುಳುಗಿದ ಮೇಲೆ ತಿಂದದ್ದು, ಅದೂ ಪರ್ವದ ದಿನ ಮುಟ್ಟಬಾರದ ಉಳ್ಳಾಗಡ್ಡಿ! ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. ಬಾಗಿಲಾಚೆ ಸಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಓಡಿದ ಸದ್ದು ಕೇಳಿತು. ಅವರು ನಗಲಿ, ಅತ್ತೆ ಬೈಯಲಿ, ಅದನ್ನೆಲ್ಲ ಪಾರೀಸ ತಡೆದುಕೊಂಡಾನು. ಅವನು ರತ್ನಮಾಲಾಳ ಮುಖ ನೋಡಿದ. ಹಸಿದ ಮುಖ. ಈಗಷ್ಟೇ ಹತ್ತು ಮಂದಿಯ ಮುಂದೆ ಗಂಡನನ್ನು ಹೊಗಳಿದ ಮುಖ. ಅದರಲ್ಲಿ ಸಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಸಿಟ್ಟಿರಲಿಲ್ಲ. ಅವಳು ಅವನ ಕೈಯಿಂದ ಕಂದೀಲು ತೆಗೆದುಕೊಂಡು, ಆರಿಸಿ, ತಾಯಿಯ ಕಡೆ ನೋಡದೆ ಒಳಗೆ ಹೋದಳು. ನಾಚಿಕೆಯೆಂದರೆ ಏನೆಂದು ಪಾರೀಸನಿಗೆ ಆವತ್ತು ತಿಳಿಯಿತು. ಕಿವಿಯ ತುದಿಯಿಂದ ಅಂಗಾಲಿನವರೆಗೆ ಸುಟ್ಟಿತು. ಭೂಮಿ ಬಾಯಿ ಬಿಡಲೆಂದು ಬೇಡಿದ, ಅದು ಬಿಡಲಿಲ್ಲ.

ಹುಣ್ಣಿಮೆ ಕಳೆದು ಕ್ಷಮಾವಣಿ ಬಂತು. ತಿಳಿದು ಮಾಡಿದ್ದಕ್ಕೂ ತಿಳಿಯದೆ ಮಾಡಿದ್ದಕ್ಕೂ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ, ಕೇಳಿದವರಿಗೆ ಇಲ್ಲವೆನ್ನದೆ ಕೊಡುವ ದಿನ. ಬಸದಿಯ ಅಂಗಳದಲ್ಲಿ ಪಾರೀಸನ ಮುಂದೆ ಸಾಲು ನಿಂತಿತು. “ಪಾರೀಸಣ್ಣಾ, ತಿಳದೋ ತಿಳೀದನೋ ನಿಮ್ಮನ್ನ ನೋಡಿ ನಕ್ಕಿದ್ರ ಕ್ಷಮಾ ಮಾಡ್ರಿ,” ಎಂದು ಒಬ್ಬೊಬ್ಬರೂ ಕೈಮುಗಿದರು, ಮುಗಿದ ಕೈಯ ಹಿಂದೆ ಮತ್ತೆ ನಕ್ಕರು. ಅವನು ಎಲ್ಲರನ್ನೂ ಕ್ಷಮಿಸಿದ. ಬೇರೆ ದಾರಿ ಏನಿತ್ತು?

ಮನೆಗೆ ಬಂದು ಅತ್ತೆಯ ಮುಂದೆ ತಲೆ ತಗ್ಗಿಸಿ ನಿಂತ. “ಅತ್ಯಾರ, ನನ್ನ ತಪ್ಪ ಆತು. ನಿಮ್ಮ ಮಗಳ ಮಾತ ಸುಳ್ಳ ಮಾಡಿದೆ.”

ಅಕ್ಕಾತಾಯಿ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕ್ಷಮಾ ಮಾಡೇನಿ,” ಎಂದರು. ಆಮೇಲೆ ಗಂಡನ ಕಡೆ ಓರೆಗಣ್ಣು ಹಾಯಿಸಿದರು. “ನಿಮ್ಮ ಮಾವಾರೂ ವರ್ಷಾ ಚತುರ್ದಶಿ ಉಪವಾಸ ಹಿಡಿತಾರ. ಸಂಜಿಕ ಹೊತ್ತ ಮುಣಗಿದ ಕೂಡಲೇ ಅಡಿಗಿ ಮನ್ಯಾಗ ಏನೋ ಹುಡಕತಾರ. ನಮ್ಮ ಮನ್ಯಾಗ ಕಾಜಿನ ಪೆಟ್ಟಿಗಿ ಇಲ್ಲ ನೋಡ್ರಿ, ಹಿಂಗಾಗಿ ದೊಡ್ಡ ಧರ್ಮಾತ್ಮರು. ಆ ಎಣ್ಣೀ ಪಟಾ ನನಗ ಕೊಡ್ರಿ. ಖಾನಾಪುರಕ್ಕ ಒಯ್ದು ಅಡಿಗಿ ಮನಿ ಕಿಡಕಿಗೆ ಹಚ್ಚತೀನಿ.”

“ಗಾಡಿ ಹೊತ್ತಾತು!” ಎಂದು ಬಾಪುಸಾಹೇಬರು ತಟ್ಟನೆ ಎದ್ದು ಟೊಪ್ಪಿಗೆ ಹುಡುಕಿದರು.

ಅತ್ತೆಮಾವನನ್ನು, ಸುರುಳಿ ಸುತ್ತಿದ ಪಾವಾಪುರಿಯ ಸಮೇತ, ರೈಲು ಹತ್ತಿಸಿ ಬಂದ ಮೇಲೆ ಉಳಿದದ್ದು ರತ್ನಮಾಲಾ ಒಬ್ಬಳೇ. ಪಾರೀಸ ಅಡಿಗೆಮನೆಯ ಹೊಸ್ತಿಲಲ್ಲಿ ಕೈಮುಗಿದು ನಿಂತ.

“ರತ್ನಾ…” ಎಂದ ಅಷ್ಟೇ.

ಅವಳೂ ಕೈಮುಗಿದಳು. “ಕ್ಷಮಾ ಮಾಡೇನ್ರಿ,” ಎಂದಳು. ಕಣ್ಣಲ್ಲಿ ನೀರಿತ್ತು, ತುಟಿಯ ಅಂಚಿನಲ್ಲಿ ಸಣ್ಣಗೆ ನಗೆಯೂ ಇತ್ತೇನೋ. ಪಾರೀಸನಿಗೆ ಹೋದ ಜೀವ ಬಂತು. ಬಂದ ಜೀವ ಸುಮ್ಮನಿರಬೇಕಲ್ಲ! ಅಟ್ಟದಿಂದ ಹಿಮದ ಗುಡ್ಡ ಇಳಿಸಿಕೊಂಡು ಬಂದ.

“ಇದನ್ನ ಹಚ್ಚಲೇನು? ಎಣ್ಣಿ ಮುಟ್ಟಂಗಿಲ್ಲ. ಬೆಲ್ಲಾನೂ ಹಾಕಂಗಿಲ್ಲ.”

“ಏನೂ ಹಚ್ಚಬ್ಯಾಡ್ರಿ,” ಎಂದಳು ರತ್ನಮಾಲಾ. “ಹಂಗ ಇರಲಿ.”

ಹಿಂದಿನ ಗಾಜನ್ನು ಅವಳೇ ಸೀಗೆಪುಡಿ ಹಾಕಿ ತಿಕ್ಕಿ ತೊಳೆದಳು. ಕಿಂಡಿಯ ಎದುರಿಗೆ ಅಡಿಗೆಮನೆಯಲ್ಲಿ ಒಂದು ಸಣ್ಣ ಮೇಜು, ಒಂದು ಎತ್ತರದ ಸ್ಟೂಲು ಹಾಕಿಸಿದಳು. ಅಂದಿನಿಂದ ಪಾರೀಸನ ಊಟ, ನಾಷ್ಟಾ, ಎಲ್ಲವೂ ಅಲ್ಲಿಯೇ, ಹೊತ್ತು ಮುಳುಗುವ ಮೊದಲೇ. ನಡುಮನೆಯಲ್ಲಿ ಬಂದು ಕೂತವರು ಮೀನು ನೋಡಿ ಮೆಚ್ಚಿ, ಒಂದು ಮಾತು ಮಾತ್ರ ತಪ್ಪದೆ ಕೇಳುತ್ತಾರೆ.

“ಎಲ್ಲಾ ಚಲೋ ಐತ್ರಿ. ಹಿಂದ ಒಂದ ಸೀನರಿ ಹಚ್ಚಬೇಕಾಗಿತ್ತಲ್ಲ?”

“ಹಚ್ಚೇವಲ್ರೀ,” ಎನ್ನುತ್ತಾಳೆ ರತ್ನಮಾಲಾ. “ಅಗಾ, ಊಟಕ್ಕ ಕುಂತೈತಿ ನೋಡ್ರಿ.”